ಸ್ಟೆಪ್ನಿಯ ಸಿಳ್ಳು

ಬೆಳಗಿನಿಂದ ಅಂಗಳದಲ್ಲಿ ಕೂತು ನಮ್ಮ ವ್ಯಾನಿನ ಹಿಂಬದಿಯ ಕಬ್ಬಿಣಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದೇನೆ. ಹಸಿ ಬಣ್ಣದ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ನಗಬೇಡಿ, ಯಾಕೆಂದು ಹೇಳುತ್ತೇನೆ.

ಈ ವ್ಯಾನು ನನ್ನ ನಿವೃತ್ತಿಯ ಹುಚ್ಚು. ಹಳೆಯದೊಂದನ್ನು ಕೊಂಡು ಒಳಗೆ ಮಂಚ, ಗ್ಯಾಸಿನ ಒಲೆ, ನೀರಿನ ಟಾಕಿ ಎಲ್ಲ ಕೂರಿಸಿದೆ. ನರಗುಂದದ ನಮ್ಮ ಓಣಿಯವರು ನೋಡಲು ಬಂದು, “ಮನಿ ಇದ್ದೂ ಗಾಡ್ಯಾಗ ಮಲಗೂದು ಯಾಕ್ರಿ ಸರ?” ಎಂದರು. ಎಲ್ಲಕ್ಕೂ ಜಾಗ ಮಾಡಿದ ನಾನು ಸ್ಟೆಪ್ನಿಗೆ, ಅಂದರೆ ಹೆಚ್ಚುವರಿ ಗಾಲಿಗೆ, ಜಾಗ ಮಾಡುವುದನ್ನೇ ಮರೆತಿದ್ದೆ. ಅದು ಮಂಚದ ಕೆಳಗೇ ಬಿದ್ದಿರುತ್ತಿತ್ತು.

“ರಬ್ಬರಿನ ವಾಸನಿಗೆ ತಲಿ ಸಿಡೀತದ. ಒಂದೋ ಅದು ಹೊರಗ, ಇಲ್ಲಾ ನಾ ಹೊರಗ” ಎಂದಳು ಹೆಂಡತಿ ಶಾಂತಾ.

ಹೀಗಾಗಿ ಒಂದು ಆಷಾಢದಲ್ಲಿ ಗಜೇಂದ್ರಗಡಕ್ಕೆ ಹೋದೆವು. ಬಸ್‌ಸ್ಟ್ಯಾಂಡಿನ ಹಿಂದೆ ಮೌಲಾಸಾಬನ ವೆಲ್ಡಿಂಗ್ ಅಂಗಡಿ. ಹಿಂಬಾಗಿಲಿನ ತಗಡು ಗಾಲಿಯ ಭಾರ ತಾಳುವುದಿಲ್ಲವೆಂದು ಅವನು ಕೆಳಗಿನ ಚಾಸಿಯ ಚೌಕಟ್ಟಿಗೇ ದಪ್ಪ ಪೈಪು ಕೂರಿಸಿ, ಗೇಟಿನಂತೆ ಪಕ್ಕಕ್ಕೆ ಸರಿಯುವ ತೋಳು ಮಾಡಿ, ಅದರ ಮೇಲೆ ಸ್ಟೆಪ್ನಿ ಬಿಗಿದ. ತಾನೇ ಅದರ ಮೇಲೆ ಹತ್ತಿ ಕೂತು, “ಅಳ್ಳಾಡೂದಿಲ್ಲ ನೋಡ್ರಿ!” ಎಂದು ನಕ್ಕ. ಅಷ್ಟರಲ್ಲಿ ಶಾಂತಾ ಪೇಟೆಯ ಕೈಮಗ್ಗದ ಸೀರೆಗಳನ್ನೆಲ್ಲ ನೋಡಿ, ಒಂದನ್ನೂ ಕೊಳ್ಳದೆ ಬಂದಿದ್ದಳು. ಆ ದಿನಕ್ಕೆ ಅದಕ್ಕಿಂತ ವಿಚಿತ್ರವಾದದ್ದು ಇನ್ನೇನೂ ನಡೆಯಲಾರದು ಎಂದುಕೊಂಡಿದ್ದೆ.

ಊರು ದಾಟಿ ರೋಣದ ದಾರಿ ಹಿಡಿದೆವು. ಗುಡ್ಡದ ಮೇಲೆ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿದ್ದವು. ವ್ಯಾನು ವೇಗ ಹಿಡಿದೊಡನೆ ಹಿಂದಿನಿಂದ ಸಿಳ್ಳು ಕೇಳಿತು. ಮೊದಲು ಎತ್ತರದ, ಉದ್ದನೆಯ ದನಿ. ಆಮೇಲೆ ಕೆಳಗಿಳಿದ, ಗಿಡ್ಡನೆಯದು. ಮತ್ತೆ ಅದೇ. ಯಾರೋ ಬೈಕಿನವರಿರಬೇಕೆಂದು ಕನ್ನಡಿ ನೋಡಿದೆ. ರಸ್ತೆ ಖಾಲಿ.

“ಗಾಡಿ ನಿಲ್ಲಸ್ರಿ” ಎಂದಳು ಶಾಂತಾ. ಮುಖ ಬಿಳಿಚಿತ್ತು. ನಿಲ್ಲಿಸಿದೆ. ಸಿಳ್ಳೂ ನಿಂತಿತು.

“ಅದು ನಮ್ಮ ಈರಪ್ಪನ ಸಿಳ್ಳು.”

ಈರಪ್ಪ ಅವಳ ತಮ್ಮ. ಅವಳ ತವರು ಮೆಣಸಗಿ. ಮಲಪ್ರಭೆಯ ಆಚೆ ದಂಡೆಯಲ್ಲಿ ಅವರಿಗೊಂದು ತುಂಡು ಹೊಲ. ಎತ್ತು ಹೊಡೆದುಕೊಂಡು ಹೊಳೆ ದಾಟಿದ ಮೇಲೆ ಅವನು ಆಚೆಯಿಂದ ಹೀಗೇ ಸಿಳ್ಳು ಹಾಕುತ್ತಿದ್ದನಂತೆ. ದಾಟಿದೆ ಅಕ್ಕ, ಇನ್ನು ನೀನು ಮನೆಗೆ ಹೋಗು ಎಂದು ಅದರ ಅರ್ಥ. ನಮ್ಮ ಮದುವೆಯ ಹೊಸತರಲ್ಲಿ ಹೊಳೆ ಏರಿದ ವರ್ಷ, ಆಚೆ ಸಿಕ್ಕಿಕೊಂಡ ದನ ಬಿಡಿಸಲು ಅವನು ನೀರಿಗಿಳಿದಾಗ ಶಾಂತಾ ಈಚೆ ದಂಡೆಯಲ್ಲಿದ್ದಳು. ಕತ್ತಲಾಗುವವರೆಗೆ ನಿಂತಳು. ಸಿಳ್ಳು ಬರಲಿಲ್ಲ. ಆಮೇಲೆ ಹೆಣವೂ ಸಿಗಲಿಲ್ಲ. ಅಂದಿನಿಂದ ಅವಳು ಮೆಣಸಗಿಯ ಮುಖ ನೋಡಿರಲಿಲ್ಲ. ತಮ್ಮನ ಹೆಸರಿನಲ್ಲಿ ಎಡೆ ಇಡಲೂ ಯಾರಿಗೂ ಬಿಟ್ಟಿರಲಿಲ್ಲ. ಎಲ್ಲೋ ಇದ್ದಾನೆ ಎನ್ನುತ್ತಿದ್ದಳು.

ಜೀವಮಾನವೆಲ್ಲ ಶಾಲೆಯಲ್ಲಿ ವಿಜ್ಞಾನ ಕಲಿಸಿದವನು ನಾನು. ಸುಮ್ಮನಿರುತ್ತೇನೆಯೇ? ಇಳಿದು ನೋಡಿದೆ. ಪೈಪಿನ ಎರಡೂ ತುದಿ ಬಾಯಿ ತೆರೆದುಕೊಂಡಿದ್ದವು.

“ಇದರಾಗ ಗಾಳಿ ಹೊಕ್ಕು ಊದೇತಿ. ಕೊಳಲಿದ್ದಂಗ” ಎಂದು ಬೆರಳಿಟ್ಟು ಪಾಠ ಮಾಡಿದೆ.

“ಏನರ ಇರಲಿ, ಮುಚ್ಚಿಸಿಬಿಡ್ರಿ. ನನಗ ಕೇಳಾಕ ಆಗೂದಿಲ್ಲ.”

ತಿರುಗಿ ಗಜೇಂದ್ರಗಡಕ್ಕೆ ಬಂದೆವು. ಮೌಲಾಸಾಬ ಎರಡೂ ತುದಿಗೆ ತಗಡಿನ ಬಿಲ್ಲೆ ಬೆಸೆದು, ಮೇಲೆ ಕಪ್ಪು ಬಣ್ಣ ಹಚ್ಚಿದ. ಮತ್ತೆ ಹೊರಟೆವು. ಅದೇ ರಸ್ತೆ, ಅದೇ ಗಾಳಿ, ಆದರೆ ಸದ್ದಿಲ್ಲ. ಗೆದ್ದವನಂತೆ ನಾನು ಏನೋ ಗುನುಗತೊಡಗಿದೆ. ಶಾಂತಾ ಮಾತ್ರ ಕಿಟಕಿಗೆ ಕಿವಿಗೊಟ್ಟೇ ಕೂತಿದ್ದಳು. ರೋಣ ಬಂದಾಗ ಹೇಳಿದಳು: “ಮೆಣಸಗಿ ಕಡೆ ಹೊಳ್ಳಸ್ರಿ.”

ಹೊಳೆಯ ದಂಡೆಯಲ್ಲಿ ನಿಲ್ಲಿಸಿ ಎಂಜಿನ್ ಆರಿಸಿದೆ. ಬಿಸಿಲಿನ್ನೂ ಇತ್ತು. ದಿನವಿಡೀ ಬೀಸಿದ ಆಷಾಢದ ಗಾಳಿ ಅಲ್ಲಿ ಬಿದ್ದುಹೋಗಿತ್ತು. ಜಾಲಿಯ ಒಂದೆಲೆಯೂ ಅಲುಗುತ್ತಿರಲಿಲ್ಲ. ಕೆಂಪು ನೀರು ಸದ್ದಿಲ್ಲದೆ ಸಾಗುತ್ತಿತ್ತು.

ಆಗ ಕೇಳಿತು. ಎತ್ತರದ್ದು, ಉದ್ದನೆಯದು. ಆಮೇಲೆ ಗಿಡ್ಡನೆಯದು.

ನಾನು ವ್ಯಾನಿನ ಹಿಂದಕ್ಕೆ ಓಡಿ ಪೈಪು ಮುಟ್ಟಿ ನೋಡಿದೆ. ಬಿಲ್ಲೆಗಳು ಭದ್ರವಾಗಿದ್ದವು, ಹಸಿ ಬಣ್ಣ ಬೆರಳಿಗೆ ಹತ್ತಿತು. ಆಚೆ ದಂಡೆಯಲ್ಲಿ ಕುರಿಯಿಲ್ಲ, ಮನುಷ್ಯರಿಲ್ಲ. ಮತ್ತೊಮ್ಮೆ ಕೇಳಿತು, ಇನ್ನಷ್ಟು ದೂರದಿಂದ.

“ಶಾಂತಾ, ನಡಿ, ಹೋಗೂಣು.”

ಅವಳಾಗಲೇ ನೀರಿನಂಚಿಗೆ ಹೋಗಿದ್ದಳು. ಎರಡು ಬೆರಳು ಬಾಯಿಗಿಟ್ಟು ತಾನೂ ಹಾಗೆಯೇ ಸಿಳ್ಳು ಹಾಕಿದಳು. ಇಷ್ಟು ವರ್ಷ ಬಾಳುವೆ ಮಾಡಿದರೂ ಅವಳಿಗದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಾದೆವು. ಆಚೆಯಿಂದ ಮತ್ತೇನೂ ಬರಲಿಲ್ಲ.

“ನಿಮಗೂ ಕೇಳ್ತೋ ಇಲ್ಲೋ?” ಎಂದಳು.

“ಕೇಳ್ತು.”

“ದಾಟ್ಯಾನ್ರಿ ಅಂವ” ಎಂದವಳೇ ಅಲ್ಲೇ ಕುಸಿದು ಕೂತು ಅತ್ತಳು. ಅಷ್ಟು ವರ್ಷ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು, ವ್ಯಾನಿನ ಒಲೆಯ ಮೇಲೆ ಅನ್ನಕ್ಕಿಟ್ಟಳು. ಒಂದು ತುತ್ತು ಎಲೆಯ ಮೇಲಿಟ್ಟು ಹೊಳೆಗೆ ಬಿಟ್ಟಳು.

ಯಾರೋ ದನಗಾಹಿ ಪೊದೆಯ ಹಿಂದೆ ಇದ್ದಿರಬೇಕು ಎನ್ನುವಿರಿ. ನಾನೂ ಹಾಗೇ ಎನ್ನುತ್ತೇನೆ, ಯಾರಾದರೂ ಕೇಳಿದರೆ. ಈಗ ನಾವು ಆಗಾಗ ಮೆಣಸಗಿಗೆ ಹೋಗುತ್ತೇವೆ, ನಾಳೆಯೂ ಹೊರಟಿದ್ದೇವೆ. ಹೊಳೆಯ ದಂಡೆಯಲ್ಲೇ ವ್ಯಾನು ನಿಲ್ಲಿಸಿ ಮಲಗುತ್ತೇವೆ. ಶಾಂತಾಗೆ ತಲೆದಿಂಬಿಗೆ ತಲೆಯಿಟ್ಟೊಡನೆ ನಿದ್ದೆ. ಬೆಳಗಿನವರೆಗೆ ಆಚೆ ದಂಡೆಗೆ ಕಿವಿಯಿಟ್ಟು ಬಿದ್ದಿರುವವನು ಈಗ ನಾನು.