ಮಗ್ಗದ ಕುಣಿಯ ಮೇಲೆ ಜೋಕಾಲಿ

ಹಗ್ಗ ತಾನಾಗಿ ಹರಿಯಲಿಲ್ಲ. ಗಂಗತ್ತೆ ಬೇಕಂತಲೇ ಜೋಕಾಲಿಯಿಂದ ಜಿಗಿದಳು. ಆದದ್ದು ಇಷ್ಟೇ. ನಮ್ಮ ಬಳಗದವರು ಇಂದಿಗೂ ಆ ವರ್ಷ ಪಂಚಮಿಗೆ ಹಗ್ಗ ಹರಿದು ಗಂಗವ್ವ ಬಿದ್ದಳು ಎಂದೇ ಹೇಳುತ್ತಾರೆ. ಹೇಳಲಿ, ಕಂಡವಳು ನಾನು. ಈ ಸಲ ನಾಗರ ಪಂಚಮಿಗೆ ಮೊಮ್ಮಗಳು ಅಂಗಡಿಯಿಂದ ಹಸಿರು ಪ್ಲಾಸ್ಟಿಕ್ ಹಗ್ಗ ತಂದಳು. ಮೂಗಿಗೆ ಹಿಡಿದು ನೋಡಿದೆ, ಯಾವ ವಾಸನೆಯೂ ಇಲ್ಲ. ನಮ್ಮ ಹಗ್ಗಕ್ಕೆ ಗಂಜಿಯ ವಾಸನೆ ಇತ್ತು. ಸೀರೆ ನೇಯ್ದು ಉಳಿದ ನೂಲಿನ ತುಂಡುಗಳನ್ನೆಲ್ಲ ಕೂಡಿಟ್ಟು ಅಪ್ಪ ಹೊಸೆದ ಹಗ್ಗ ಅದು. ಕೈಯಲ್ಲಿ ಹಿಡಿದರೆ ಕೆಂಪು, ಹಸಿರು, ಹಳದಿ ಎಲ್ಲ ಬಣ್ಣದ ಎಳೆಗಳೂ ಕಾಣುತ್ತಿದ್ದವು.

ಹಳ್ಳಿಯವರು ಬೇವಿನ ಗಿಡಕ್ಕೆ ಜೋಕಾಲಿ ಕಟ್ಟುತ್ತಿದ್ದರು. ಬನಹಟ್ಟಿಯ ನಮ್ಮ ಓಣಿಯಲ್ಲಿ ಗಿಡವೆಲ್ಲಿ ಬರಬೇಕು? ಮನೆಗೆ ಮನೆ ಆತುಕೊಂಡು, ಒಳಗೆ ನಡುಮನೆಯ ತುಂಬ ಮಗ್ಗ. ಕಾಲು ಇಳಿಬಿಟ್ಟು ನೇಯಲು ನೆಲದಲ್ಲಿ ತೋಡಿದ ಕುಣಿ, ಅದರ ಮೇಲೊಂದು ದಪ್ಪ ತೊಲೆ. ಮನೆಯಲ್ಲಿ ಜೋಕಾಲಿಯ ಭಾರ ತಡೆಯುವುದು ಆ ತೊಲೆ ಒಂದೇ. ಹಾಗಾಗಿ ಪಂಚಮಿಯೊಳಗೆ ಮಗ್ಗದ ಮೇಲಿನ ಸೀರೆ ಮುಗಿದು ಇಳಿಯಲೇಬೇಕು. ಇಲ್ಲದಿದ್ದರೆ ಜೋಕಾಲಿ ಇಲ್ಲ. ಹಬ್ಬದ ದಿನ ನೇಯುವಂತಿಲ್ಲ, ಒಲೆಯ ಮೇಲೆ ಹಂಚು ಇಡುವಂತಿಲ್ಲ, ಕೊಯ್ಯುವುದು ಹರಿಯುವುದು ಯಾವುದೂ ಇಲ್ಲ. ಮುನ್ನಾದಿನವೇ ರೊಟ್ಟಿ ಹಬ್ಬ. ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಮಡಕಿಕಾಳಿನ ಪಲ್ಯ ಹೊತ್ತು ಹುಡುಗಿಯರೆಲ್ಲ ಮನೆ ಮನೆ ತಿರುಗುತ್ತಿದ್ದೆವು. ಒಳಗೆ ಅಪ್ಪ ಲಾಳಿ ಎಸೆಯುವ ಸದ್ದು ಓಣಿಯ ತುದಿಯವರೆಗೂ ಕೇಳುತ್ತಿತ್ತು.

ಸಾಲೆ ಬಿಡಿಸಿ ನನ್ನನ್ನು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಲು ಕೂಡಿಸಿದ ವರ್ಷ ಅದು. ಅಪ್ಪನ ತಂಗಿ ಗಂಗತ್ತೆಯನ್ನು ಬಾಡಗಂಡಿಗೆ ಕೊಟ್ಟಿತ್ತು. ಕಬ್ಬು, ದನ, ಹದಿನೈದು ಮಂದಿಯ ಮನೆ. ತವರಿಗೆ ಬರುವುದು ವರ್ಷಕ್ಕೊಮ್ಮೆ, ಪಂಚಮಿಗೆ ಮಾತ್ರ. ಬಂದವಳೇ ಗಂಟು ಇಳಿಸಿ ನನ್ನ ಪಕ್ಕ ಕೂತು ಕಂಡಿಕೆ ಸುತ್ತತೊಡಗಿದಳು.

"ಹಬ್ಬಕ್ಕ ಕರದಿಯೋ, ಕೂಲಿಗೆ ಕರದಿಯೋ ಅಣ್ಣಾ?"

"ಜೋಕಾಲಿ ಬೇಕಂದ್ರ ಸುತ್ತು," ಎಂದ ಅಪ್ಪ. ದೀಪ ಹಚ್ಚುವ ಹೊತ್ತಿಗೆ ಸೀರೆ ಇಳಿಯಿತು.

ಮರುದಿನ ಮಣ್ಣಿನ ನಾಗಪ್ಪನಿಗೆ ಹಾಲೆರೆದೆವು. ಅಣ್ಣನ ಪಾಲು, ಅವ್ವನ ಪಾಲು, ಸೊಸಿಯ ಪಾಲು, ಅಂದರೆ ನನ್ನದು, ಎನ್ನುತ್ತ ಗಂಗತ್ತೆ ಕೊಬ್ಬರಿ ಬಟ್ಟಲನ್ನು ಖಾಲಿ ಮಾಡಿದಳು.

"ಗಂಡನ ಪಾಲು ಎಲ್ಲೈತಿ ಬೇ?" ಎಂದಳು ನನ್ನಾಯಿ, ಅಂದರೆ ಅವಳ ತಾಯಿ.

"ಅವರ ಮನ್ಯಾಗ ಹಾಲಿಗೇನು ಬರ ಐತೇನ ಬೇ?" ಎಂದು ಅತ್ತೆ ನಕ್ಕಳು.

ಮಧ್ಯಾಹ್ನ ಕುಣಿಯ ಮೇಲೆ ಹಲಗೆ ಹಾಸಿ, ತೊಲೆಗೆ ಹಗ್ಗ ಬಿಗಿದು ಅತ್ತೆ ಜೀಕತೊಡಗಿದಳು. ಶೇಂಗಾ ಉಂಡಿ ಬಾಯಲ್ಲಿ, ಸೆರಗು ಸೊಂಟದಲ್ಲಿ. ಎಂಟು ದಿನ ಇರುತ್ತೇನೆ, ದಿನಾ ಆಡೋಣ ಎಂದು ನನಗೆ ಮಾತು ಕೊಟ್ಟಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಮಾವ, ಅವಳ ಗಂಡ. ಕೆಟ್ಟವನಲ್ಲ, ಅವಸರದ ಮನುಷ್ಯ.

"ಎಮ್ಮಿ ಈಯಾಕ ಬಂದೈತಿ. ನಾಳಿ ಮುಂಜಾನೆ ಗಾಡಿ ಹೂಡೂದು," ಎಂದ.

"ಎಮ್ಮಿಗೆ ನಾ ಏನು ಸೂಲಗಿತ್ತೀನ?"

ಮಾವ ಕಾಲು ತೊಳೆಯಲು ಹಿತ್ತಲಿಗೆ ಹೋದ. ಅತ್ತೆ ಒಂದೇ ಜೀಕಿಗೆ ಮೇಲೇರಿ, ದೊಪ್ಪನೆ ಹಲಗೆಯ ಮೇಲೆ ಜಿಗಿದು, ಕಾಲು ಹಿಡಿದು ಕೂಗಿದಳು: "ಅಯ್ಯಯ್ಯೋ, ಹಗ್ಗ ಹರೀತು!" ಹಗ್ಗ ಮೇಲೆ ಗಟ್ಟಿಯಾಗಿ ತೂಗುತ್ತಿತ್ತು. ಆಯಿ ಮಗಳ ಮುಖ ನೋಡಿದಳು, ಹಗ್ಗ ನೋಡಿದಳು. ಸ್ಟೂಲು ಹತ್ತಿ ಗಂಟು ಬಿಚ್ಚಿ, ಹಲಗೆ ಸರಿಸಿ ಹಗ್ಗವನ್ನು ಕುಣಿಯೊಳಗೆ ಬಿಟ್ಟಳು. ಮಾವ ಓಡಿ ಬಂದು ಎಲ್ಲಿ ಹರಿದಿದೆ ಎಂದು ಕೇಳಿದ.

"ಪಂಚಮಿ ದಿನ ಹರದ ಹಗ್ಗ ನೋಡಬಾರದ್ರೀ ಅಳಿಯಂದ್ರ," ಎಂದಳು ಆಯಿ. ಅಂಥದ್ದೊಂದು ಪದ್ಧತಿ ಅವಳ ಬಾಯಲ್ಲಿ ಹುಟ್ಟಿದ್ದೇ ಆಗ.

"ಆತು ಬಿಡ್ರಿ. ನಾಳಿ ಮುಂಜಾನೆ ನೋಡೂಣು," ಎಂದ ಮಾವ. ಅವನೂ ದಡ್ಡನಲ್ಲ.

ಅಡುಗೆಮನೆಯಲ್ಲಿ ಅತ್ತೆಯ ಮುಖ ಸಣ್ಣದಾಯಿತು. "ಈಗ ಹರದು ಇಡೂಣೇನ ಬೇ?" ಎಂದು ಪಿಸುಗುಟ್ಟಿದಳು.

"ಇವತ್ತ ದಾರಾನೂ ಹರಿಯೂ ಹಂಗಿಲ್ಲ, ಹುಚ್ಚಿ," ಎಂದಳು ಆಯಿ. ಸುಳ್ಳು ಹೇಳಬಹುದು, ಹಬ್ಬ ಕೆಡಿಸುವಂತಿಲ್ಲ.

ಆ ಮನೆ ಈಗಿಲ್ಲ. ಕುಣಿ ಮುಚ್ಚಿ, ತೊಲೆ ಇಳಿಸಿ, ಸ್ಲ್ಯಾಬು ಹಾಕಿ ಪವರ್‌ಲೂಮ್ ಕೂಡಿಸಿದ್ದಾರೆ. ಸೀರೆ ಮುಗಿಯಲಿ ಬಿಡಲಿ, ಜೋಕಾಲಿ ಕಟ್ಟಲು ಫ್ಯಾನಿನ ಕೊಂಡಿ ಬಿಟ್ಟರೆ ಬೇರೆ ಇಲ್ಲ. ಆಯಿ, ಅಪ್ಪ, ಮಾವ ಹೋದರು. ಹೋದ ಬೇಸಿಗೆಯಲ್ಲಿ ಗಂಗತ್ತೆಯೂ ಹೋದಳು. ಹೋಗುವ ವಯಸ್ಸೇ, ಅತ್ತು ಪ್ರಯೋಜನವಿಲ್ಲ. ಆದರೆ ನಮ್ಮ ಓಣಿಯ ಸೊಸೆಯಂದಿರು ಈಗಲೂ ಪಂಚಮಿಯ ದಿನ ಹರಿದ ಹಗ್ಗದ ಕಡೆ ನೋಡದೆ ಮುಖ ತಿರುಗಿಸುತ್ತಾರೆ. ಹಿರಿಯರಿಂದ ಬಂದದ್ದಂತೆ. ಈ ಸಲ ಹಾಲೆರೆಯುವಾಗ ನಾನು ಗಂಗತ್ತೆಯ ಪಾಲು ಎಂದು ಎರೆದೆ, ಆಮೇಲೆ ಮಾವನ ಪಾಲನ್ನೂ ಎರೆದೆ. ಅವಳು ಬಿಟ್ಟದ್ದು ಬಾಕಿ ಇತ್ತಲ್ಲ.

ಇನ್ನು ಆ ಹಗ್ಗದ ಮಾತು. ಮರುದಿನ ಕೋಳಿ ಕೂಗಿದಾಗ ಹಬ್ಬ ಮುಗಿದಿತ್ತು. ಮಾವ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ನಾನು ಕುಣಿಗಿಳಿದು ಹಗ್ಗ ತೆಗೆದೆ. ಕತ್ತರಿಯಿಂದ ಕೊಯ್ದರೆ ತುದಿ ನೀಟಾಗಿ ನಿಲ್ಲುತ್ತದೆ, ಕುರುಡನಿಗೂ ಗೊತ್ತಾಗುತ್ತದೆ. ಅದಕ್ಕೆ ಬೀಸುಕಲ್ಲಿನ ಅಂಚಿಗೆ ಹಿಡಿದು, ಕೆಂಪು, ಹಸಿರು, ಹಳದಿ ಎಳೆಗಳು ಒಂದೊಂದಾಗಿ ಜುಂಗು ಏಳುವಂತೆ ತಿಕ್ಕಿ ತಿಕ್ಕಿ ನಡುವೆ ಹರಿದೆ. ಎರಡೂ ತುಂಡುಗಳನ್ನು ಮಾವನ ಚಪ್ಪಲಿಯ ಮೇಲಿಟ್ಟು, ಹೋಗಿ ಗಂಗತ್ತೆಯ ಕೌದಿಯೊಳಗೆ ಮಲಗಿದೆ.