ವಿಮಾನಕ್ಕೆ ಮುಳ್ಳುಬೇಲಿ

ಎಪ್ಪತ್ತರ ದಶಕ. ಬೆಸಗರಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಮೇಷ್ಟ್ರಾಗಿದ್ದೆ. ಕಬ್ಬಿಗೆ ಹುಳ ಬಿದ್ದಿತೆಂದು ಔಷಧಿ ಹೊಡೆಯಲು ಒಂದು ಪುಟ್ಟ ವಿಮಾನ ಬಂತು. ಅದಕ್ಕೆ ಶಾಲೆಯ ಪಕ್ಕದ ಗೋಮಾಳವೇ ನಿಲ್ದಾಣ. ಸಂಜೆ ಪೈಲಟ್ ಮಂಡ್ಯಕ್ಕೆ ಹೋಗಿಬಿಡುತ್ತಿದ್ದ. ಊರಿನ ಕಣ ಕಾಯುವ ಮುದುಕನಿಗೆ ವಿಮಾನವನ್ನು ಒಪ್ಪಿಸಿದ ಕೃಷಿ ಇಲಾಖೆಯ ಅಧಿಕಾರಿ, "ಒಂದು ಗೀರು ಬಿದ್ದರೂ ನಿನ್ನನ್ನ ಪೊಲೀಸಿಗೆ ಕೊಡ್ತೀನಿ" ಎಂದ. ಕಾವಲಿನವನಿಗೆ ಹೇಳುವ ಮಾತೇ ಅದು? ನನಗೆ ಮೈಯೆಲ್ಲ ಉರಿಯಿತು.

ಗೋಮಾಳವೆಂದ ಮೇಲೆ ದನ ಬಾರದೆ ಇರುತ್ತವೆಯೇ? ಮೈ ಉಜ್ಜಿಕೊಳ್ಳಲು ಎಮ್ಮೆಗಳು ವಿಮಾನವನ್ನೇ ಹುಡುಕಿಕೊಂಡು ಬಂದವು. ಮುದುಕ ರಾಗಿ ಮೆದೆಗೆ ಮಾಡುವಂತೆಯೇ ಮಾಡಿದ. ಜಾಲಿ ಕಡಿದು ತಂದು ಸುತ್ತಲೂ ಒತ್ತಾಗಿ ಬೇಲಿ ಹಾಕಿದ. ಬೆಳಗ್ಗೆ ಪೈಲಟ್ ಬಂದಾಗ ತಾನೇ ಕೊಂಬೆಗಳನ್ನು ದರದರ ಎಳೆದು ದಾರಿ ಬಿಡಿಸಿದ. ಎಳೆದಲ್ಲೆಲ್ಲ ಮುಳ್ಳು ಉದುರಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ವಿಮಾನ ನಾಲ್ಕು ಮಾರು ಓಡಿ, ಚಕ್ರ ಠುಸ್ಸೆಂದು, ಒಂದು ಕಡೆಗೆ ವಾಲಿ ನಿಂತಿತು.

"ಬೇಕಂತಲೇ ಮಾಡಿದ್ದೀಯ!" ಎಂದು ಕೂಗಾಡಿದ ಅಧಿಕಾರಿ ಪೊಲೀಸರನ್ನು ಕರೆತರಲು ಜೀಪು ಹತ್ತಿದ.

ಮುದುಕ ನನ್ನ ಕಡೆ ತಿರುಗಿದ. "ದನ ಬತ್ತವೆ ಅಂತ ಬೇಲಿ ಆಕ್ದೆ ಮೇಷ್ಟ್ರೇ. ಮೆದೆ ಎದ್ದು ಓಡಕಿಲ್ಲ, ಇದು ಓಡ್ತದೆ ಅನ್ನೋದು ತಲೆಗೇ ಬರ್ನಿಲ್ಲ."

ನಗುವೂ ಬಂತು, ಸಂಕಟವೂ ಆಯಿತು. ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಅದನ್ನೇ ಕನ್ನಡ ಬಾರದ ಪೈಲಟ್‌ಗೆ ಒಪ್ಪಿಸಿದೆ. ಅವನು ಮುದುಕನ ಮೊಳಕೈವರೆಗೂ ತರಚಿದ್ದ ಕೈಗಳನ್ನು ನೋಡಿದ, ವಿಮಾನವನ್ನು ಒಂದು ಸುತ್ತು ಹಾಕಿ ಬಂದ. ಆಮೇಲೆ ಇನ್ನೇನು ಹೊರಡಲಿದ್ದ ಜೀಪಿನ ಹತ್ತಿರ ಹೋಗಿ, ಅಧಿಕಾರಿಗೆ, ಪೊಲೀಸು ಬೇಡ, ಬೇರೆ ಟೈರು ತರಿಸಿ, ಕಾವಲಿಗೆ ಇವನೇ ಇರಲಿ ಎಂದ. ಅಧಿಕಾರಿ ಗೊಣಗುತ್ತಲೇ ಒಪ್ಪಿದ, ನಾನು ಅದನ್ನು ಮುದುಕನಿಗೆ ತಿಳಿಸಿದೆ. ಆ ಪೈಲಟ್ ಪುಣ್ಯಾತ್ಮನ ಮೇಲೆ ನನಗೆ ಅಂದು ಹುಟ್ಟಿದ ಗೌರವ ಇಂದಿಗೂ ಹಾಗೇ ಇದೆ.

ಅಷ್ಟರಲ್ಲಿ ಸುದ್ದಿ ಊರು ಮುಟ್ಟಿತ್ತು. ಮುದುಕನ ಹೆಂಡತಿ ಒಂದು ಗಂಟು ಹಿಡಿದು ಏದುಸಿರು ಬಿಡುತ್ತ ಬಂದಳು.

"ಮುದ್ದೆ ಕಟ್ಟಿವ್ನಿ, ಪಂಚೆ ಮಡಗಿವ್ನಿ. ಟೇಸನ್ನಾಗೆ ಒಡುದ್ರೂ ಸುಮ್ಕಿರು, ಎದುರು ಮಾತಾಡ್ಬ್ಯಾಡ" ಎಂದು ಗಂಟನ್ನು ಅವನ ಕೈಗಿತ್ತಳು.

ಅಲ್ಲಿಯವರೆಗೂ ಒಂದು ಹನಿ ಕಣ್ಣೀರು ಹಾಕದಿದ್ದ ಮುದುಕ, "ಇಡ್ಕೊಂಡೋಗಲ್ವಂತೆ ಕಣಮ್ಮಿ" ಎನ್ನುತ್ತಲೇ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟ.