ಫ್ಯೂಸಣ್ಣನ ನಾಲಿಗೆ

"ಅಕ್ಕಾ, ಗೋಡೆ ಒಳಗೆ ಹೋಗಿರೋ ವೈರು ಹೊರಗಿಂದ ಕಾಣ್ಸುತ್ತಾ? ಹಂಗೇ ನನ್ನ ಗಡ್ಡೇನೂ. ಕತ್ತಿನ ಹಿಂದೆ, ಮೆದುಳು ಬೆನ್ನುಹುರಿಗೆ ಸೇರೋ ಕಡೆ ಕಾಂಡ ಅಂತ ಇದೆಯಂತೆ, ಹೆಬ್ಬೆರಳು ದಪ್ಪ. ನುಂಗೋದು, ಮಾತಾಡೋದು, ಉಸಿರಾಡೋದು, ಎಲ್ಲಾ ವೈರೂ ಅಲ್ಲೇ ಒತ್ತೊತ್ತಾಗಿವೆ. ಗಡ್ಡೆ ಅದರೊಳಗೇ ಕೂತಿದೆ. ಡಾಕ್ಟರು ಸೀದಾ ಚಾಕು ಹಾಕಲ್ಲ. ಮೊದಲು ಸಣ್ಣ ಕಡ್ಡೀಲಿ ಇಷ್ಟೇ ಇಷ್ಟು ಕರೆಂಟ್ ಮುಟ್ಟಿಸಿ ನೋಡ್ತಾರೆ. ನಾಲಿಗೆ ಮಿಸುಕಿದ್ರೆ ಅದು ನಾಲಿಗೆ ನರ, ಅಲ್ಲಿ ಕೈ ಹಾಕಬಾರದು. ಕೆನ್ನೆ ಅದುರಿದ್ರೆ ಅಲ್ಲೂ ಬೇಡ. ಏನೂ ಅಲ್ಲಾಡದ ಜಾಗ ಸಿಕ್ಕಿದ್ರೆ ಅಲ್ಲಿಂದ ಒಳಗೆ. ನಾನು ಇಷ್ಟು ವರ್ಷ ಕರೆಂಟ್ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಕೈ ಹಾಕ್ತಿದ್ದೆ, ಇವರು ಕರೆಂಟ್ ಕೊಟ್ಟು ಖಾತ್ರಿ ಮಾಡ್ಕೋತಾರೆ."

ಹೀಗೆ ಹೇಳಿ ಫ್ಯೂಸಣ್ಣ ಅಂಗಿಗಳನ್ನು ಆಸ್ಪತ್ರೆಯ ಚೀಲಕ್ಕೆ ತುರುಕಿದ. ಬೀದಿಯಲ್ಲಿ ಯಾರ ಮನೆಯ ದೀಪ ಹೋದರೂ ಇವನನ್ನೇ ಕೂಗುತ್ತಿದ್ದುದರಿಂದ ಅವನ ಸ್ವಂತ ಹೆಸರು ಮೂಲೆ ಸೇರಿತ್ತು. ಐವತ್ತು ದಾಟಿದರೂ ವೈರಿನ ಸಿಪ್ಪೆಯನ್ನು ಹಲ್ಲಿನಲ್ಲೇ ಸುಲಿಯುವವನು, ಬೈದರೆ ನಾಲಿಗೆ ಚಾಚಿ ಅಣಕಿಸುವವನು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿದ ಅಕ್ಕ, ಚಿಕ್ಕಂದಿನಲ್ಲಿ ಆ ನಾಲಿಗೆಗಾಗಿ ಎಷ್ಟು ಸಲ ಗುದ್ದಿದ್ದಳೋ.

ಈಚೆಗೆ ನೀರು ಕುಡಿದರೂ ಅವನಿಗೆ ಕೆಮ್ಮು, ಮಾತೂ ತೊದಲು. ಡಾಕ್ಟರು ಮುಚ್ಚಿಡದೆ ಹೇಳಿದ್ದರು: ಗಡ್ಡೆ ಬೆಳೆಯಲು ಬಿಟ್ಟರೆ ಉಸಿರಿಗೇ ಸಂಚಕಾರ, ತೆಗೆಯುವಾಗ ನರಕ್ಕೆ ಏಟು ಬಿದ್ದರೆ ಊಟವೆಲ್ಲ ನಳಿಕೆಯಲ್ಲೇ. ಅಕ್ಕನದು ಒಂದೇ ಹಟ, ಬೇರು ಸಮೇತ ಕಿತ್ತುಬಿಡಲಿ.

ಆಪರೇಷನ್ ಮುಗಿಸಿ ಬಂದ ಡಾಕ್ಟರಮ್ಮ, ಬಹುಪಾಲು ಬಂತು, ಕೊನೆಯ ಚೂರಿನ ಹತ್ತಿರ ಕಡ್ಡಿ ಮುಟ್ಟಿಸಿದಾಗಲೆಲ್ಲ ನಾಲಿಗೆ ಮಿಸುಕಿತು, ಅಲ್ಲಿಗೇ ನಿಲ್ಲಿಸಿದೆವು ಎಂದರು. ಅಕ್ಕನ ಮುಖ ಬಿಗಿಯಿತು.

"ಅಷ್ಟು ದೂರ ಹೋಗಿ ಉಳಿಸಿ ಬಂದ್ರಾ?"

"ಎಲ್ಲಾ ತೆಗೆದಿದ್ರೆ ನಾಲಿಗೆ ಹೋಗ್ತಿತ್ತಮ್ಮ. ಎಚ್ಚರ ಆಗ್ಲಿ, ನೀವೇ ನೋಡಿ."

ಮಾರನೆಯ ದಿನ ಅವನ ಬಾಯಿಂದ ಕೊಳವೆ ತೆಗೆದರು. ನರ್ಸು ನಾಲಿಗೆ ಚಾಚಲು ಎಷ್ಟು ಹೇಳಿದರೂ ಮಂಪರಿನಲ್ಲಿ ಸುಮ್ಮನೆ ನೋಡುತ್ತಿದ್ದ. ಅಕ್ಕ ಮಂಚದ ಹತ್ತಿರ ಬಂದಳು. ನರ್ಸನ್ನು ಸರಿಸಿ ಮುಂದೆ ಬಾಗಿದಳು.

"ಲೋ, ವೈರು ಕಚ್ಚೋ ಕಪಿ, ನಾನು ಬೈತಿದೀನಿ ಕಣೋ."

ಒಣಗಿದ ತುಟಿ ಮೆಲ್ಲಗೆ ಬಿರಿದು ನಾಲಿಗೆ ಹೊರಗೆ ಬಂತು. ಪಕ್ಕಕ್ಕೆ ವಾಲದೆ, ನೆಟ್ಟಗೆ. ಗುದ್ದಲೆಂದೇ ಎದ್ದ ಅಕ್ಕನ ಕೈ ಅವನ ಕೆನ್ನೆಯ ಮೇಲೆ ಇಳಿಯಿತು.

ಈಗ ಮನೆಯಲ್ಲಿ ಗದ್ದ ಎದೆಯತ್ತ ಬಗ್ಗಿಸಿ, ಮೆತ್ತಗಿನ ಅನ್ನವನ್ನು ತುತ್ತು ತುತ್ತಾಗಿ ನುಂಗುತ್ತಾನೆ. ಉಳಿದ ಚೂರನ್ನು ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಾರೆ. ಇವತ್ತು ಎರಡನೇ ಸಲ ಬಡಿಸುವಾಗ, ಸಾಕು ಎಂದು ತಟ್ಟೆಗೆ ಕೈ ಅಡ್ಡ ಹಿಡಿದ.

"ಒಳಗೆ ಉಳಿದಿರೋ ಆ ಚೂರಿಗೂ ಸೇರಿಸಿ ಹಾಕ್ತಿದೀನಿ, ಸುಮ್ನೆ ತಿನ್ನು," ಎಂದಳು ಅಕ್ಕ.

ಅವನು ನಾಲಿಗೆ ಚಾಚಿದ. ಅವಳು ಕಂಡೂ ಕಾಣದವಳಂತೆ, ಬರಿದಾದ ಪಾತ್ರೆಯನ್ನು ನಲ್ಲಿಯ ಕೆಳಗಿಟ್ಟು ಉಜ್ಜತೊಡಗಿದಳು.